ಬಣ್ಣ ಹೋಯಿತು, ಸಿಒಡಿ ಏರಿತು: ಯುವಿ ಮತ್ತು ಪೆರಾಕ್ಸೈಡ್ ಜೊತೆ ನನ್ನ ಅನುಭವ

ಮೊದಲ ಸಲ ಯುವಿ (ನೇರಳಾತೀತ) ದೀಪ ಹಚ್ಚಿ, ಹೈಡ್ರೋಜನ್ ಪೆರಾಕ್ಸೈಡ್ ಹಾಕಿ ಡೈ ತೊಳೆದ ನೀರನ್ನು ಓಡಿಸಿದಾಗ, ಒಂದೂವರೆ ಗಂಟೆಯಲ್ಲಿ ನೀಲಿ ನೀರು ತಿಳಿಯಾಯಿತು. ತುಂಬಾ ಖುಷಿಯಾಯಿತು. ಆಮೇಲೆ ಸಿಒಡಿ ನೋಡಿದೆ, ಅಂದರೆ ನೀರಿನ ಕೊಳೆಯನ್ನು ರಾಸಾಯನಿಕವಾಗಿ ಸುಡಲು ಎಷ್ಟು ಆಮ್ಲಜನಕ ಬೇಕು ಅನ್ನುವ ಅಳತೆ. ಮೊದಲು ಲೀಟರಿಗೆ 180 ಮಿಲಿಗ್ರಾಂ ಇದ್ದದ್ದು ಈಗ 255! ಕಣ್ಣಿಗೆ ಶುದ್ಧವಾಗಿ ಕಾಣುವ ನೀರು ಪರೀಕ್ಷೆಯಲ್ಲಿ ಮೊದಲಿಗಿಂತ ಕೊಳಕು.

ಇಡೀ ಪರೀಕ್ಷೆ ಇನ್ನೊಮ್ಮೆ ಮಾಡಿದೆ. ಅದೇ ಉತ್ತರ. ಆಮೇಲೆ ಗೊತ್ತಾಯಿತು, ನಾನು ಅಳೆಯುತ್ತಿದ್ದದ್ದು ಬರೀ ಕೊಳೆಯನ್ನಲ್ಲ, ನಾನೇ ಹಾಕಿ ಉಳಿಸಿದ ಪೆರಾಕ್ಸೈಡನ್ನೂ ಕೂಡ. ಸಿಒಡಿ ಪರೀಕ್ಷೆಯಲ್ಲಿ ಕೊಳೆಯನ್ನು ಸುಡಲು ಹಾಕುವ ಡೈಕ್ರೋಮೇಟ್ ಪೆರಾಕ್ಸೈಡನ್ನೂ ತಿನ್ನುತ್ತದೆ. ಒಂದು ಮಿಲಿಗ್ರಾಂ ಪೆರಾಕ್ಸೈಡ್ ಉಳಿದರೆ ಸುಮಾರು 0.47 ಮಿಲಿಗ್ರಾಂ ಸುಳ್ಳು ಸಿಒಡಿ ಸೇರುತ್ತದೆ.

ಆವತ್ತಿನಿಂದ ಪ್ರತಿ ಸ್ಯಾಂಪಲ್‌ಗೂ ಮೊದಲು ಪೆರಾಕ್ಸೈಡ್ ಅಳೆಯುತ್ತೇನೆ. ಸ್ಯಾಂಪಲ್‌ಗೆ ತೆಳು ಸಲ್ಫ್ಯೂರಿಕ್ ಆಮ್ಲ, ಪೊಟ್ಯಾಸಿಯಂ ಅಯೋಡೈಡ್, ಒಂದೆರಡು ಹನಿ ಅಮೋನಿಯಂ ಮಾಲಿಬ್ಡೇಟ್ ಹಾಕಿದರೆ ನೀರು ಕಂದು ಬಣ್ಣಕ್ಕೆ ತಿರುಗುತ್ತದೆ. ಬ್ಯೂರೆಟ್‌ನಿಂದ ಥಯೋಸಲ್ಫೇಟ್ ಬಿಡುತ್ತಾ ಹೋಗಬೇಕು. ತಿಳಿ ಹಳದಿ ಆದಾಗ ಪಿಷ್ಟದ ದ್ರಾವಣ ಹಾಕಬೇಕು, ಕಡುನೀಲಿ ಆಗುತ್ತದೆ. ಅಲ್ಲಿಂದ ಮುಂದೆ ಅವಸರ ಮಾಡಬಾರದು, ಒಂದೇ ಒಂದು ಹನಿಗೆ ಆ ನೀಲಿ ಪೂರ್ತಿ ಮಾಯವಾಗುತ್ತದೆ. ಖರ್ಚಾದ ಥಯೋಸಲ್ಫೇಟ್‌ನಿಂದ ಪೆರಾಕ್ಸೈಡ್ ಎಷ್ಟಿತ್ತು ಅನ್ನುವ ಲೆಕ್ಕ ಸಿಗುತ್ತದೆ. ನಾನು ಹಾಕಿದ್ದು ಲೀಟರಿಗೆ 300 ಮಿಲಿಗ್ರಾಂ, ಉಳಿದಿದ್ದು 230. ಅದರ ಲೆಕ್ಕ ಕಳೆದರೆ ನಿಜವಾದ ಸಿಒಡಿ 147ರ ಹತ್ತಿರ. ಅಂದರೆ ಬಣ್ಣ ಪೂರ್ತಿ ಹೋಗಿದೆ, ಕೊಳೆ ಹೋಗಿರುವುದು ಐದರಲ್ಲಿ ಒಂದು ಪಾಲೂ ಇಲ್ಲ. ಡೈ ಅಣುವಿನಲ್ಲಿ ಬಣ್ಣ ಕೊಡುವ ಕೊಂಡಿ ಮೊದಲು ಮುರಿಯುತ್ತದೆ, ಉಳಿದ ತುಂಡುಗಳು ನೀರಲ್ಲೇ ಇರುತ್ತವೆ. ಬಣ್ಣ ನೋಡಿ ಕೆಲಸ ಮುಗೀತು ಅಂದುಕೊಳ್ಳುವುದು ತಪ್ಪು.

ಹಾಗಾದರೆ ಅಷ್ಟೊಂದು ಪೆರಾಕ್ಸೈಡ್ ಸುಮ್ನೆ ಯಾಕೆ ಉಳಿಯಿತು? ಬೆಳಕು ಸಾಲಲಿಲ್ಲ, ಅದಕ್ಕೆ. ಕೊಳೆಯನ್ನು ಒಡೆಯುವುದು ಹೆಚ್ಚಾಗಿ ಪೆರಾಕ್ಸೈಡ್ ಅಲ್ಲ, ಅದು ಬೆಳಕಿಗೆ ಒಡೆದಾಗ ಹುಟ್ಟುವ ಹೈಡ್ರಾಕ್ಸಿಲ್ ರ್ಯಾಡಿಕಲ್ ಅನ್ನುವ ಬಹಳ ಚುರುಕಾದ ತುಣುಕು. ನನ್ನದು ಕಡಿಮೆ ಒತ್ತಡದ ಪಾದರಸದ ದೀಪ, 254 ನ್ಯಾನೋಮೀಟರ್. ಈ ಬೆಳಕನ್ನು ಪೆರಾಕ್ಸೈಡ್ ಬಹಳ ಕಡಿಮೆ ಹೀರಿಕೊಳ್ಳುತ್ತದೆ. ಹಾಗಾಗಿ ರೋಗಾಣು ಕೊಲ್ಲಲು ಸಾಕಾಗುವ ಬೆಳಕು ಇಲ್ಲಿ ಏನೇನೂ ಸಾಲದು, ಹತ್ತಾರು ಪಟ್ಟು ಜಾಸ್ತಿ ಬೇಕು. ಅದರ ಮೇಲೆ ನನ್ನ ನೀರು ಒಂದು ಸೆಂಟಿಮೀಟರಿಗೆ 70 ಶೇಕಡಾ ಬೆಳಕನ್ನು ಮಾತ್ರ ಮುಂದಕ್ಕೆ ಬಿಡುತ್ತಿತ್ತು. ಕೇಳಲು ಪರವಾಗಿಲ್ಲ ಅನ್ನಿಸುತ್ತದೆ, ಅಲ್ವಾ? ಆದರೆ ಐದು ಸೆಂಟಿಮೀಟರ್ ದೂರಕ್ಕೆ ಲೆಕ್ಕ ಹಾಕಿ, 17 ಶೇಕಡಾ ಮಾತ್ರ ತಲುಪುತ್ತದೆ. ಕೊಳವೆಯ ಗೋಡೆ ಹತ್ತಿರದ ನೀರು ಹೆಚ್ಚುಕಮ್ಮಿ ಕತ್ತಲಲ್ಲೇ ಹರಿಯುತ್ತಿತ್ತು.

ನಾನೂ ಎಲ್ಲರ ಹಾಗೆ ಮೊದಲು ಪೆರಾಕ್ಸೈಡ್ ಹೆಚ್ಚಿಸಿ ನೋಡಿದೆ. ಕೆಲಸ ಇನ್ನೂ ನಿಧಾನವಾಯಿತು, ಯಾಕೆಂದರೆ ಅತಿಯಾದರೆ ಪೆರಾಕ್ಸೈಡೇ ರ್ಯಾಡಿಕಲ್‌ಗಳನ್ನು ನುಂಗುತ್ತದೆ.

ಕೊನೆಗೆ ಕೈ ಹಿಡಿದದ್ದು ದೀಪಕ್ಕೆ ಮುಂಚಿನ ಕೆಲಸ. ಆಲಂ ಹಾಕಿ ಗಸಿ ಇಳಿಸಿ, ಮರಳಿನಲ್ಲಿ ಸೋಸಿದ ಮೇಲೆ ಒಂದು ಸೆಂಟಿಮೀಟರ್ ದಾಟುವ ಬೆಳಕು 70 ಶೇಕಡಾ ಇದ್ದದ್ದು 88 ಆಯಿತು, ಐದು ಸೆಂಟಿಮೀಟರ್ ದೂರದಲ್ಲಿ ಈಗ ಅರ್ಧಕ್ಕಿಂತ ಜಾಸ್ತಿ ಬೆಳಕು. ಇನ್ನೊಂದು ಕಳ್ಳ ನೀರಿನಲ್ಲಿ ಕರಗಿರುವ ಬೈಕಾರ್ಬನೇಟ್. ಕೊಳೆಗೆ ಸಿಗಬೇಕಾದ ರ್ಯಾಡಿಕಲ್‌ಗಳನ್ನು ಅದು ತಿಂದುಬಿಡುತ್ತದೆ. ನೀರಿನ ಪಿಎಚ್ ಅನ್ನು ಆಮ್ಲದಿಂದ 5ರ ಹತ್ತಿರ ತಂದು ಗಾಳಿ ಊದಿದರೆ ಬಹುಪಾಲು ಬೈಕಾರ್ಬನೇಟ್ ಇಂಗಾಲದ ಡೈಆಕ್ಸೈಡ್ ಆಗಿ ಹೊರಟುಹೋಗುತ್ತದೆ. ಇವೆರಡನ್ನೂ ಮಾಡಿದ ಮೇಲೆ ಅದೇ ನೀರಿನ ಬಣ್ಣ ಐವತ್ತು ನಿಮಿಷಕ್ಕೆ ಹೋಯಿತು, ಅದೂ ಅರ್ಧದಷ್ಟು ಪೆರಾಕ್ಸೈಡ್‌ನಲ್ಲಿ. ಆದರೂ ದೀಪ ಆರಿಸಲಿಲ್ಲ, ಸಿಒಡಿ ಇಳಿಯುವವರೆಗೂ ಓಡಿಸಿದೆ.

ದೀಪದ ಸುತ್ತಲಿನ ಕ್ವಾರ್ಟ್ಜ್ ಕೊಳವೆಯನ್ನು ಮರೆಯಬೇಡಿ. ಗಡಸು ನೀರಾದರೆ ಬಿಳಿ ಪೊರೆ, ಕಬ್ಬಿಣ ಇದ್ದರೆ ಕಂದು ಪೊರೆ ಕೂರುತ್ತದೆ. ಬೆರಳಿಗೆ ತಾಗದಷ್ಟು ತೆಳುವಾಗಿದ್ದರೂ ಬೆಳಕನ್ನು ತಡೆಯುತ್ತದೆ. ಸಿಟ್ರಿಕ್ ಆಮ್ಲದಲ್ಲಿ ನೆನೆಸಿ, ಮೆತ್ತನೆ ಬಟ್ಟೆಯಲ್ಲಿ ಒರೆಸುತ್ತೇನೆ.

ಒಂದು ಸಲ ದೀಪ ಉರಿಯುವಾಗಲೇ ಮುಚ್ಚಳ ತೆಗೆದು ಇಣುಕಿದೆ. ಆಗ ಏನೂ ಆಗಲಿಲ್ಲ. ರಾತ್ರಿ ಕಣ್ಣಿಗೆ ಮರಳು ತುಂಬಿದ ಹಾಗೆ ಉರಿ, ನೀರು ಸುರಿಯುತ್ತಲೇ ಇತ್ತು. ದಯವಿಟ್ಟು ಹಾಗೆ ಮಾಡಬೇಡಿ. ಮುಚ್ಚಳ ತೆಗೆದರೆ ದೀಪ ತಾನೇ ಆರುವ ಸ್ವಿಚ್ ಹಾಕಿಸಿ. ಪೆರಾಕ್ಸೈಡ್ ಕ್ಯಾನ್‌ಗೆ ಗಾಳಿ ಬಿಡುವ ಮುಚ್ಚಳವೇ ಇರಲಿ, ಬಿಗಿಯಾಗಿ ಮುಚ್ಚಿದರೆ ಆಮ್ಲಜನಕ ತುಂಬಿ ಒಡೆಯಬಹುದು. ಕೈಗವಸು, ಕನ್ನಡಕ ಇಲ್ಲದೆ ಮುಟ್ಟಲೇಬೇಡಿ.

ಈಗ ಸ್ಯಾಂಪಲ್ ತೆಗೆದ ಕೂಡಲೇ ಪಿಎಚ್ ಅನ್ನು 7ಕ್ಕೆ ತಂದು, ಉಳಿದ ಪೆರಾಕ್ಸೈಡನ್ನು ಒಡೆಯುವ ಕೆಟಲೇಸ್ ಕಿಣ್ವ ಹಾಕುತ್ತೇನೆ. ಮೊದಲು ಥಯೋಸಲ್ಫೇಟ್ ಬಳಸುತ್ತಿದ್ದೆ, ಅದು ಸ್ವಲ್ಪ ಹೆಚ್ಚಾದರೂ ಸಿಒಡಿಯಲ್ಲಿ ಕಾಣಿಸಿಕೊಳ್ಳುತ್ತದೆ. ಕಿಣ್ವ ಬಿದ್ದ ತಕ್ಷಣ ಸಣ್ಣ ಗುಳ್ಳೆಗಳು ಏಳುತ್ತವೆ. ಅವು ಪೂರ್ತಿ ನಿಲ್ಲುವವರೆಗೆ ಕಾದು, ಪೆರಾಕ್ಸೈಡ್ ಪಟ್ಟಿ ಅದ್ದಿ ಸೊನ್ನೆ ಬಂದ ಮೇಲೆಯೇ ಸಿಒಡಿಗೆ ಇಡುತ್ತೇನೆ.