ಬೀದಿ ತಿರುವಿನ ಕಸದ ರಾಶಿ: ಮನಶ್ಶಾಸ್ತ್ರದ ನೆರವಿನಿಂದ ಬಿಡಿಸುವ ಬಗೆ

ಬೆಂಗಳೂರಿನ ಅನೇಕ ಬಡಾವಣೆಗಳಲ್ಲಿ ಯಾವುದೋ ಒಂದು ತಿರುವು, ಖಾಲಿ ನಿವೇಶನ ಅಥವಾ ಟ್ರಾನ್ಸ್‌ಫಾರ್ಮರ್‌ನ ಬುಡ ಕಸ ಸುರಿಯುವ ಜಾಗವಾಗಿಬಿಟ್ಟಿರುತ್ತದೆ. ಪಾಲಿಕೆಯವರ ಮಾತಿನಲ್ಲಿ ಅದು ‘ಬ್ಲ್ಯಾಕ್ ಸ್ಪಾಟ್’. ಪೌರಕಾರ್ಮಿಕರು ಬೆಳಿಗ್ಗೆ ಎತ್ತಿದ ಕಸ ಮರುದಿನ ಮತ್ತೆ ಅಲ್ಲೇ ಬಿದ್ದಿರುತ್ತದೆ. ಇದನ್ನು ಸಂಸ್ಕಾರದ ಕೊರತೆ ಎಂದು ಬೈದು ಸುಮ್ಮನಾಗಬಹುದು. ಆದರೆ ಮನೆಯಂಗಳ ಗುಡಿಸಿ ರಂಗೋಲಿ ಹಾಕುವವರೂ ಅದೇ ತಿರುವಿನಲ್ಲಿ ಚೀಲ ಇಟ್ಟು ಹೋಗುವುದೇಕೆ ಎಂಬುದಕ್ಕೆ ಆ ಬೈಗುಳದಲ್ಲಿ ಉತ್ತರವಿಲ್ಲ. ಆದ್ದರಿಂದ ಜನರ ಗುಣವನ್ನು ಬದಿಗಿಟ್ಟು ಸನ್ನಿವೇಶವನ್ನು ಮೊದಲು ಪರಿಶೀಲಿಸಬೇಕು.

ಒಂದು ವಾರ ಬೆಳಿಗ್ಗೆ ಮತ್ತು ರಾತ್ರಿ ಆ ಜಾಗವನ್ನು ಗಮನಿಸಿ, ಯಾವ ಹೊತ್ತಿನಲ್ಲಿ ಎಂಥ ಕಸ ಬೀಳುತ್ತದೆಂದು ಬರೆದಿಡಿ. ಅನಂತರ ಅಕ್ಕಪಕ್ಕದ ಮನೆ, ಪಿಜಿ, ಅಂಗಡಿಗಳವರೊಡನೆ ಆರೋಪದ ಧ್ವನಿಯಿಲ್ಲದೆ ಮಾತನಾಡಿ. “ಕಸ ಯಾಕೆ ಹಾಕುತ್ತೀರಿ?” ಎಂದರೆ ಎಲ್ಲರೂ ನಿರಾಕರಿಸುತ್ತಾರೆ; “ಕಸದ ಗಾಡಿ ನಿಮಗೆ ಸಿಗುತ್ತದೆಯೇ?” ಎಂದರೆ ವಿಷಯ ಹೊರಬರುತ್ತದೆ. ಗಾಡಿ ಬರುವ ಮೊದಲೇ ಕೆಲಸಕ್ಕೆ ಹೊರಡುವವರು, ರಾತ್ರಿ ಅಂಗಡಿ ಮುಚ್ಚುವವರು, ಹಸಿ ಕಸವನ್ನು ಬೇರೆ ಮಾಡದ್ದಕ್ಕೆ ಗಾಡಿಯವರಿಂದ ಕಸ ವಾಪಸು ಪಡೆದವರು ಎದುರಾಗಬಹುದು. ಗಾಡಿಯ ಸಮಯ ಬದಲಿಸುವಂತೆ ಕೇಳುವುದೋ, ನೆರೆಮನೆಯವರು ಡಬ್ಬಿ ಇಟ್ಟುಕೊಂಡು ಗಾಡಿಗೆ ಕೊಡುವ ಏರ್ಪಾಡೋ ಮೊದಲು ಆಗಬೇಕು. ಈ ಅಡಚಣೆ ಹಾಗೇ ಉಳಿದರೆ ಮುಂದೆ ಹೇಳುವ ಯಾವುದೂ ಫಲ ಕೊಡುವುದಿಲ್ಲ.

ಮುಂದಿನದು ಜಾಗದ ಚಹರೆ. ನೆದರ್‌ಲ್ಯಾಂಡ್ಸ್‌ನ ಗ್ರೋನಿಂಗನ್ ನಗರದಲ್ಲಿ ನಡೆಸಿ 2008ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಓಣಿಯಲ್ಲಿ ನಿಲ್ಲಿಸಿದ್ದ ಸೈಕಲ್ಲುಗಳ ಹಿಡಿಗೆ ಕರಪತ್ರ ಸಿಕ್ಕಿಸಿದ್ದರು. ಗೋಡೆ ಚೊಕ್ಕಟವಾಗಿದ್ದಾಗ ಶೇ 33ರಷ್ಟು ಸವಾರರು ಕರಪತ್ರವನ್ನು ಅಲ್ಲೇ ಬಿಸಾಡಿದರೆ, ಗೋಡೆಯ ಮೇಲೆ ಗೀಚಿದ್ದಾಗ ಶೇ 69ರಷ್ಟು ಮಂದಿ ಹಾಗೆ ಮಾಡಿದರು. ಇತರರು ಏನು ಮಾಡಿದ್ದಾರೆಂಬುದರ ಕುರುಹನ್ನು ನೋಡಿಯೇ ನಾವು ನಮ್ಮ ನಡತೆಯನ್ನು ತೀರ್ಮಾನಿಸುತ್ತೇವೆ. ಹೀಗಾಗಿ ಜಾಗವನ್ನು ಪೂರ್ತಿ ತೆರವುಗೊಳಿಸಿ, ಗೋಡೆಗೆ ಬಣ್ಣ ಬಳಿದು, ಸಾಧ್ಯವಾದರೆ ದೀಪ ಹಾಕಿಸಿ. ಮೊದಲ ಕೆಲವು ವಾರಗಳಲ್ಲಿ ಬೀಳುವ ಮೊದಲ ಚೀಲವನ್ನು ತಡಮಾಡದೆ ಎತ್ತಿಸಿ. ದೇವರ ಪಟ ಅಂಟಿಸುವ ರೂಢಿಯೂ ನಮ್ಮಲ್ಲಿದೆಯಷ್ಟೆ; ಅದರಿಂದ ಕಸ ಪಟದಿಂದ ನಾಲ್ಕು ಹೆಜ್ಜೆ ಆಚೆ ಸರಿಯಬಹುದೇ ಹೊರತು ಹಾಕುವವರ ತೊಂದರೆ ತೀರುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ಫಲಕ ಬರೆಸುವಾಗ ವಿಶೇಷ ಎಚ್ಚರ ಬೇಕು. ಅಮೆರಿಕದ ಅರಿಜೋನಾದಲ್ಲಿರುವ ಶಿಲೀಭೂತ (ಕಾಲಾಂತರದಲ್ಲಿ ಕಲ್ಲಾದ) ಮರಗಳ ರಾಷ್ಟ್ರೀಯ ಉದ್ಯಾನದಲ್ಲಿ ಮನಶ್ಶಾಸ್ತ್ರಜ್ಞ ರಾಬರ್ಟ್ ಚಾಲ್ಡೀನಿ ಮತ್ತು ಸಂಗಡಿಗರು ಎರಡು ಬಗೆಯ ಫಲಕಗಳನ್ನು ಪರೀಕ್ಷಿಸಿದರು. ಹಿಂದೆ ಬಂದ ಅನೇಕರು ಮರದ ತುಣುಕು ಒಯ್ದಿದ್ದಾರೆಂದು ಅಳಲು ತೋಡಿಕೊಂಡ ಫಲಕವಿದ್ದಾಗ, ಗುರುತು ಮಾಡಿಟ್ಟ ತುಣುಕುಗಳಲ್ಲಿ ಶೇ 7.92ರಷ್ಟು ಕಳವಾದವು, ದಯವಿಟ್ಟು ಒಯ್ಯಬೇಡಿ ಎಂದಷ್ಟೇ ಕೋರಿದಾಗ ಶೇ 1.67ರಷ್ಟು. “ಎಲ್ಲರೂ ಇಲ್ಲೇ ಕಸ ಹಾಕಿ ಬೀದಿ ಹಾಳು ಮಾಡಿದ್ದಾರೆ” ಎಂಬ ಫಲಕವೂ ಎಲ್ಲರೂ ಹಾಕುತ್ತಾರೆಂಬ ಸುದ್ದಿಯನ್ನೇ ಸಾರುತ್ತದೆ. ಅದರ ಬದಲು ಗಾಡಿ ಬರುವ ಹೊತ್ತನ್ನು ದೊಡ್ಡಕ್ಷರದಲ್ಲಿ ಬರೆಸಿ, “ಈ ಬೀದಿಯ ಹೆಚ್ಚಿನ ಮನೆಗಳವರು ಕಸವನ್ನು ಗಾಡಿಗೇ ಕೊಡುತ್ತಾರೆ” ಎಂದು ಸೇರಿಸಿ. ಆದರೆ ಅದು ನಿಜವಾಗಿದ್ದರೆ ಮಾತ್ರ.

ವಾಟ್ಸ್‌ಆ್ಯಪ್ ಗುಂಪಿನಲ್ಲಿ “ಯಾರಾದರೂ ನೋಡಿಕೊಳ್ಳಿ” ಎಂದು ಬರೆದರೆ ಯಾರೂ ನೋಡುವುದಿಲ್ಲ. ಮನಶ್ಶಾಸ್ತ್ರಜ್ಞರಾದ ಡಾರ್ಲಿ ಮತ್ತು ಲಟಾನೆ 1968ರಲ್ಲಿ ತೋರಿಸಿದ್ದೂ ಇದನ್ನೇ: ನೋಡುವವರು ಹೆಚ್ಚಿದಷ್ಟೂ ಒಬ್ಬೊಬ್ಬರ ಹೊಣೆ ತೆಳುವಾಗುತ್ತದೆ. ವಾರಕ್ಕೊಂದು ಮನೆಯಂತೆ ಹೆಸರು ಹಿಡಿದು, ಒಪ್ಪಿಗೆ ಪಡೆದು ಜವಾಬ್ದಾರಿ ವಹಿಸಿ.

ಕೊನೆಗೆ, ಮೊದಲ ವಾರ ಬರೆದಿಟ್ಟದ್ದರೊಂದಿಗೆ ಎರಡು ತಿಂಗಳ ನಂತರದ ಸ್ಥಿತಿಯನ್ನು ಹೋಲಿಸಿ, ಪಕ್ಕದ ಬೀದಿಯನ್ನೂ ನೋಡಿ ಬನ್ನಿ. ರಾಶಿ ಅಲ್ಲಿಗೆ ವರ್ಗವಾಗಿದ್ದರೆ, ಗಾಡಿ ಸಿಗದ ಮನೆಗಳು ಇನ್ನೂ ಉಳಿದಿರಬಹುದು. ಆ ಮನೆಗಳವರೊಡನೆ ಮತ್ತೆ ಮಾತನಾಡಿ.