ಕಬ್ಬನ್ ಪಾರ್ಕನ್ನು ಒಂದು ದಿನದಲ್ಲಿ ನೋಡುವುದು ಹೇಗೆ?

ಕಬ್ಬನ್ ಪಾರ್ಕಿಗೆ ಹೋಗಿದ್ದೀರಾ ಅಂತ ಕೇಳಿದರೆ ಬೆಂಗಳೂರಿನವರೆಲ್ಲ ಹೌದು ಅನ್ನುತ್ತಾರೆ. ಅಲ್ಲಿನ ಮ್ಯೂಸಿಯಂ ಒಳಗೆ ಹೋಗಿದ್ದೀರಾ ಅಂದರೆ ಹೆಚ್ಚಿನವರು ಶಾಲೆಯ ದಿನಗಳನ್ನು ನೆನೆಯುತ್ತಾರೆ. ಮರದ ಕೆಳಗೆ ಕೂತು, ನಾಲ್ಕು ಫೋಟೊ ತೆಗೆದು ಬರುವುದೂ ಚೆನ್ನಾಗಿಯೇ ಇರುತ್ತದೆ. ಆದರೆ ಅದೇ ಉದ್ಯಾನಕ್ಕೆ ಅಂಟಿಕೊಂಡಂತೆ ಸಾವಿರ ವರ್ಷ ಹಳೆಯ ಕನ್ನಡ ಶಾಸನಗಳಿವೆ, ಕಲಾವಿದ ಕೆ. ವೆಂಕಟಪ್ಪನವರ ಚಿತ್ರಗಳಿವೆ. ಸ್ವಲ್ಪ ಯೋಜನೆ ಹಾಕಿಕೊಂಡರೆ ಒಂದೇ ದಿನದಲ್ಲಿ ಮರವನ್ನೂ ನೋಡಬಹುದು, ಇವನ್ನೂ ನೋಡಬಹುದು.

ಮೊದಲು ದಿನ ಗೊತ್ತುಮಾಡಿಕೊಳ್ಳಿ

ಸೋಮವಾರ ಬೇಡ. ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಅಂದು ರಜೆ. ಉದ್ಯಾನದೊಳಗಿನ ಮಕ್ಕಳ ತಾಣ ಬಾಲಭವನಕ್ಕೂ ರಜೆ. ನನ್ನ ಆಯ್ಕೆ ಭಾನುವಾರ. ಅಂದು ಉದ್ಯಾನದೊಳಗಿನ ರಸ್ತೆಗಳಲ್ಲಿ ವಾಹನ ಬಿಡುವುದಿಲ್ಲ. ಚಿಕ್ಕ ಮಕ್ಕಳನ್ನು ಕೈಬಿಟ್ಟು ನಡೆಸಬಹುದು. ಜನ ಜಾಸ್ತಿ ನಿಜ, ಅದಕ್ಕೇ ಏಳು ಗಂಟೆಯೊಳಗೆ ಅಲ್ಲಿರಿ. ಗದ್ದಲ ಬೇಡ ಅನ್ನುವವರಿಗೆ ಶನಿವಾರ ಬೆಳಗ್ಗೆ ಒಳ್ಳೆಯದು. ಮರದ ನೆರಳಲ್ಲಿ ಚಾಪೆ ಹಾಸಿ ಸುಮ್ನೆ ಪುಸ್ತಕ ಓದುವವರ ಗುಂಪು ಸೇರುತ್ತದೆ. ನೀವೂ ಒಂದು ಪುಸ್ತಕ ಹಿಡಿದು ಕೂರಬಹುದು, ಯಾರೂ ಏನೂ ಕೇಳುವುದಿಲ್ಲ.

ಒಂದು ಎಚ್ಚರಿಕೆ. ಹಳೆಯ ಕಟ್ಟಡಗಳಲ್ಲಿ ಆಗಾಗ ದುರಸ್ತಿ ಕೆಲಸ ನಡೆಯುತ್ತದೆ. ಮ್ಯೂಸಿಯಂ ತೆರೆದಿದೆಯೇ ಅಂತ ಹೊರಡುವ ಮುನ್ನ ವಿಚಾರಿಸಿಕೊಳ್ಳಿ. ಊರಿಂದ ಬರುವವರಂತೂ ಇದನ್ನು ಮರೆಯಬೇಡಿ.

ಕಾರು ತರಬೇಡಿ. ನೇರಳೆ ಮಾರ್ಗದ ಮೆಟ್ರೊ ಹತ್ತಿ ಕಬ್ಬನ್ ಪಾರ್ಕ್ ನಿಲ್ದಾಣದಲ್ಲಿ ಇಳಿದರೆ ಉದ್ಯಾನ ಪಕ್ಕದಲ್ಲೇ. ಪ್ರವೇಶಕ್ಕೆ ದುಡ್ಡಿಲ್ಲ. ನೀರಿನ ಬಾಟಲಿ, ಟೋಪಿ, ನಡೆಯಲು ಹಿತವಾದ ಚಪ್ಪಲಿ ಸಾಕು. ಊಟದ ಡಬ್ಬಿ ಬಿಚ್ಚಿ ಕೂರಬೇಡಿ. ಚೆಲ್ಲಿದ ಅನ್ನಕ್ಕೆ ಇಲಿ ಬರುತ್ತವೆ, ಗಿಡದ ಬೇರು ಕೊರೆಯುತ್ತವೆ.

ಬೆಳಗ್ಗೆ ಮರಗಳಿಗೆ

ಬಿಸಿಲು ಏರುವ ಮೊದಲು ಹಸಿರಿನಲ್ಲಿ ಓಡಾಡಿಬಿಡಿ. ಈ ಉದ್ಯಾನ ರೂಪುಗೊಂಡದ್ದು 1870ರಲ್ಲಿ. ಮೈಸೂರು ರಾಜ್ಯದ ಮುಖ್ಯ ಎಂಜಿನಿಯರ್ ರಿಚರ್ಡ್ ಸ್ಯಾಂಕಿ ಇದನ್ನು ರೂಪಿಸಿದರು. ಸದಾಶಿವನಗರದ ಪಕ್ಕದ ಸ್ಯಾಂಕಿ ಕೆರೆಯೂ ಅವರದೇ ಕೆಲಸ. ಮೊದಲಿಗೆ ಇದ್ದದ್ದು 100 ಎಕರೆ, ಆಮೇಲೆ ಬೆಳೆಯಿತು. 1927ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಗೆ 25 ವರ್ಷ ತುಂಬಿದಾಗ ಶ್ರೀ ಚಾಮರಾಜೇಂದ್ರ ಉದ್ಯಾನ ಎಂದು ಹೆಸರಿಟ್ಟರು. ಕಾಗದಪತ್ರದಲ್ಲಿ ಇಂದಿಗೂ ಅದೇ ಹೆಸರು.

ಬಿದಿರು ಮೆಳೆಗಳ ಕಡೆಗೆ ಹೋಗಿ. ನಡುಹಗಲಲ್ಲೂ ಅಲ್ಲಿ ತಂಪು. ಅಲ್ಲಲ್ಲಿ ನೆಲದಿಂದ ಎದ್ದ ದೊಡ್ಡ ಬಂಡೆಗಳಿವೆ. ಯಾರೂ ತಂದಿಟ್ಟದ್ದಲ್ಲ, ಈ ಊರಿನ ನೆಲವೇ ಅಂಥದ್ದು. ಮಕ್ಕಳಿಗೆ ತೋರಿಸಿ. ವರ್ಷದ ಮೊದಲ ತಿಂಗಳುಗಳಲ್ಲಿ ಬಂದರೆ ಗುಲಾಬಿ ಬಣ್ಣದ ಟಬೂಬಿಯಾ, ಏಪ್ರಿಲ್-ಮೇನಲ್ಲಿ ಕೆಂಪು ಗುಲ್‌ಮೊಹರ್. ಮಳೆಗಾಲ ಮುಗಿಯುತ್ತಿದ್ದಂತೆ ಆಕಾಶಮಲ್ಲಿಗೆ ಉದುರುತ್ತದೆ, ಆ ಘಮಕ್ಕಾಗಿಯೇ ಒಮ್ಮೆ ಬರಬೇಕು.

ಎಂಟು ಮೂಲೆಯ ಬ್ಯಾಂಡ್‌ಸ್ಟ್ಯಾಂಡ್ ನೋಡಿಕೊಂಡು ಶೇಷಾದ್ರಿ ಅಯ್ಯರ್ ಸ್ಮಾರಕ ಭವನಕ್ಕೆ ನಡೆಯಿರಿ. 1883ರಿಂದ 1901ರವರೆಗೆ ಮೈಸೂರಿನ ದಿವಾನರಾಗಿದ್ದವರ ನೆನಪಿಗೆ ಕಟ್ಟಿದ ಕೆಂಪು ಕಟ್ಟಡ ಇದು. ಈಗ ರಾಜ್ಯ ಕೇಂದ್ರ ಗ್ರಂಥಾಲಯ ಇಲ್ಲಿದೆ.

ಅಲ್ಲಿಂದ ಮುಂದೆ ಅಠಾರಾ ಕಚೇರಿ, ಅಂದರೆ ನಮ್ಮ ಹೈಕೋರ್ಟ್. 1868ರಲ್ಲಿ ಮುಗಿದ ಕಟ್ಟಡ. ಅಠಾರಾ ಅಂದರೆ ಹದಿನೆಂಟು; ಸರ್ಕಾರದ ಹದಿನೆಂಟು ಇಲಾಖೆಗಳು ಇಲ್ಲಿದ್ದವು. ಕೋರ್ಟ್ ಆದ್ದರಿಂದ ಹೊರಗಿನಿಂದಲೇ ನೋಡಬೇಕು. 1980ರ ದಶಕದಲ್ಲಿ ಇದನ್ನು ಕೆಡವುವ ಮಾತು ಬಂದಿತ್ತು. ಊರಿನ ಜನ ಬಿಡಲಿಲ್ಲ. ಅವರು ಸುಮ್ಮನಿದ್ದಿದ್ದರೆ ಇವತ್ತು ನೋಡಲು ಏನೂ ಇರುತ್ತಿರಲಿಲ್ಲ, ಅಲ್ವಾ?

ಬಿಸಿಲೇರಿದ ಮೇಲೆ ಕಸ್ತೂರಬಾ ರಸ್ತೆಗೆ

ತಿಂಡಿ, ಕಾಫಿ ಮುಗಿಸಿ ಕಸ್ತೂರಬಾ ರಸ್ತೆಯ ಬದಿಗೆ ಬನ್ನಿ. ಸರ್ಕಾರಿ ವಸ್ತುಸಂಗ್ರಹಾಲಯ, ವೆಂಕಟಪ್ಪ ಚಿತ್ರಶಾಲೆ, ವಿಜ್ಞಾನ-ತಂತ್ರಜ್ಞಾನದ ವಿಶ್ವೇಶ್ವರಯ್ಯ ಮ್ಯೂಸಿಯಂ ಮೂರೂ ಅಕ್ಕಪಕ್ಕ ಇವೆ. ಮೂರನ್ನೂ ಒಂದೇ ದಿನ ಮುಗಿಸಲು ಹೋಗಬೇಡಿ. ಕಾಲು ಸೋಲುತ್ತದೆ, ಯಾವುದೂ ನೆನಪಿನಲ್ಲಿ ಉಳಿಯುವುದಿಲ್ಲ. ದೊಡ್ಡವರೇ ಇದ್ದರೆ ಮೊದಲ ಎರಡು, ಮಕ್ಕಳಿದ್ದರೆ ಮೂರನೆಯದು.

ಸರ್ಕಾರಿ ವಸ್ತುಸಂಗ್ರಹಾಲಯ ಶುರುವಾದದ್ದು 1865ರಲ್ಲಿ. ಈಗಿನ ಕೆಂಪು ಕಟ್ಟಡ 1877ರದು. ದೇಶದ ತುಂಬ ಹಳೆಯ ಮ್ಯೂಸಿಯಂಗಳಲ್ಲಿ ಇದೂ ಒಂದು. ಒಳಗೆ ಹೋದವರು ಗಾಜಿನ ಪೆಟ್ಟಿಗೆಗಳ ನಡುವೆ ಬೇಗ ಬೇಗ ನಡೆದುಬಿಡುತ್ತಾರೆ. ಹಾಗೆ ಮಾಡಬೇಡಿ. ಆತಕೂರಿನ ಶಾಸನ ಎಲ್ಲಿದೆ ಅಂತ ಸಿಬ್ಬಂದಿಯನ್ನು ಕೇಳಿ.

ಆತಕೂರು ಮಂಡ್ಯ ಜಿಲ್ಲೆಯ ಊರು. ಈ ಕಲ್ಲು ಸುಮಾರು ಕ್ರಿ.ಶ. 949ರದು, ಹಳಗನ್ನಡದಲ್ಲಿದೆ. ಈಗಿನ ತಮಿಳುನಾಡಿನ ತಕ್ಕೋಲದಲ್ಲಿ ನಡೆದ ಯುದ್ಧದಲ್ಲಿ ರಾಷ್ಟ್ರಕೂಟರ ಮೂರನೆಯ ಕೃಷ್ಣನ ಪರವಾಗಿ ಗಂಗರ ಬೂತುಗ ಹೋರಾಡಿದ. ಚೋಳರ ರಾಜಾದಿತ್ಯ ಅಲ್ಲಿ ಸತ್ತ. ಬೂತುಗನ ಕಡೆ ಮಣಲೆರ ಎಂಬ ವೀರನಿದ್ದ. ಅವನ ಶೌರ್ಯಕ್ಕೆ ಮೆಚ್ಚಿ ಏನು ಬೇಕು ಕೇಳು ಅಂದರೆ ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಆ ನಾಯಿ ಒಂದು ದೊಡ್ಡ ಹಂದಿಯ ಮೇಲೆ ಬಿದ್ದು ಕಾದಾಡಿತು. ಎರಡೂ ಸತ್ತವು. ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟರು. ಕಲ್ಲಿಗೆ ಪೂಜೆ ಮಾಡದೆ ಅಲ್ಲಿನ ಗೊರವ, ಅಂದರೆ ಶಿವನ ಪೂಜಾರಿ, ಊಟ ಮಾಡಬಾರದು ಎಂಬ ಕಟ್ಟಳೆಯನ್ನೂ ಹಾಕಿದರು. ಕಲ್ಲಿನ ಮೇಲೆ ನಾಯಿ, ಹಂದಿ ಎದುರುಬದುರಾಗಿ ನಿಂತಿವೆ. ಮಕ್ಕಳಿಗೆ ಮೊದಲು ಕತೆ ಹೇಳಿ, ಆಮೇಲೆ ಕಲ್ಲು ತೋರಿಸಿ. ಬೇಗೂರಿನ ವೀರಗಲ್ಲನ್ನೂ ಹುಡುಕಿ. ಯುದ್ಧದ ದೃಶ್ಯವನ್ನು ಇಡೀ ಕಲ್ಲಿಗೆ ತುಂಬಿದ್ದಾರೆ.

ಪಕ್ಕದ ಚಿತ್ರಶಾಲೆ ಕೆ. ವೆಂಕಟಪ್ಪನವರ ಹೆಸರಿನದು. ಮೈಸೂರು ಅರಮನೆಯ ಕಲಾವಿದರು, ಅವನೀಂದ್ರನಾಥ ಟ್ಯಾಗೋರರ ಶಿಷ್ಯರು, ವೀಣೆಯನ್ನೂ ಕಲಿತವರು. ಊಟಿಯ ಬೆಟ್ಟ, ಮಂಜು, ಮಳೆಯನ್ನು ಅವರು ಜಲವರ್ಣದಲ್ಲಿ ಹಿಡಿದಿದ್ದಾರೆ. ಒಂದೊಂದು ಚಿತ್ರದ ಮುಂದೆಯೂ ಸ್ವಲ್ಪ ಹೊತ್ತು ನಿಲ್ಲಿ. ದೂರದ ಬೆಟ್ಟ ನಿಧಾನವಾಗಿ ಕಣ್ಣಿಗೆ ಸಿಗುತ್ತದೆ.

ಮಕ್ಕಳು ಜೊತೆಗಿದ್ದರೆ

ವಿಶ್ವೇಶ್ವರಯ್ಯ ಮ್ಯೂಸಿಯಂ ಕಟ್ಟಡವನ್ನು 1962ರಲ್ಲಿ ನೆಹರೂ ಉದ್ಘಾಟಿಸಿದರು. ಜನರಿಗೆ ಮೊದಲು ತೆರೆದದ್ದು ವಿದ್ಯುತ್ ವಿಭಾಗ, 1965ರಲ್ಲಿ. ಇಲ್ಲಿ ಗುಂಡಿ ಒತ್ತಿ, ಹಿಡಿ ತಿರುಗಿಸಿ ನೋಡಬಹುದು. ರೈಟ್ ಸಹೋದರರು 1903ರಲ್ಲಿ ಹಾರಿಸಿದ ವಿಮಾನದ ಪೂರ್ಣ ಅಳತೆಯ ಮಾದರಿಯನ್ನು ತಪ್ಪಿಸಿಕೊಳ್ಳಬೇಡಿ. ಟಿಕೆಟ್ ಇದೆ. ಮಧ್ಯಾಹ್ನದ ಮೇಲೆ ಸಾಲು ಉದ್ದವಾಗುತ್ತದೆ, ಬೆಳಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ. ಹಾಗಾದರೆ ಮರಗಳನ್ನು ಸಂಜೆಗೆ ಇಟ್ಟುಕೊಳ್ಳಬೇಕಾಗುತ್ತದೆ. ಪರವಾಗಿಲ್ಲ. ಸಂಜೆ ಬಾಲಭವನದ ಪುಟಾಣಿ ರೈಲು ಓಡುತ್ತಿದೆಯೇ ಕೇಳಿಕೊಂಡು, ಅದನ್ನೂ ಹತ್ತಿಸಿ ಮೆಟ್ರೊ ಹಿಡಿಯಿರಿ.