ಇಂಗಾಲದ ಡೈಆಕ್ಸೈಡ್ ಬಗ್ಗೆ ಚರ್ಚಾಸ್ಪರ್ಧೆಗೆ ತಯಾರಿ ಹೇಗೆ?

‘ಇಂಗಾಲದ ಡೈಆಕ್ಸೈಡ್ ಹೆಚ್ಚಿದರೆ ಬೆಳೆಗೆ ಲಾಭ’ ಎಂಬ ವಿಷಯ ಬಂದಾಗ ವಿರೋಧಿಸುವವರು ಸೋಲುವುದು ಹೆಚ್ಚಾಗಿ ಒಂದೇ ಕಡೆ: ಎದುರಿನವರ ನಿಜವನ್ನೂ ಸುಳ್ಳು ಎಂದುಬಿಡುತ್ತಾರೆ. ಅದು ಗಿಡದ ಆಹಾರ, ಹೌದು. ಒಪ್ಪಿಕೊಂಡು, ‘ಯಾವ ಗಿಡಕ್ಕೆ ಎಷ್ಟು?’ ಎಂದು ಕೇಳಿ.

ಗದಗ-ಧಾರವಾಡದ ಎರೆಹೊಲವನ್ನೇ ಉದಾಹರಣೆಗೆ ತನ್ನಿ. ಹತ್ತಿ, ಶೇಂಗಾ, ಹೆಸರು, ಕಡಲೆ, ಮೆಣಸಿನಕಾಯಿ ಸಿ3 ಗಿಡಗಳು, ಅಂದರೆ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಒಟ್ಟುಮಾಡಿಕೊಳ್ಳದೆ ನೇರವಾಗಿ ಬಳಸುವ ಬಗೆ. ಈ ಅನಿಲ ಹೆಚ್ಚಿದರೆ ಅವುಗಳ ಬೆಳವಣಿಗೆ ಚುರುಕಾಗುತ್ತದೆ. ಬಿಳಿಜೋಳ ಮತ್ತು ಹಾವೇರಿಯ ಗೋವಿನಜೋಳ ಸಿ4 ಎಂಬ ಇನ್ನೊಂದು ಬಗೆ. ಇವು ಎಲೆಯೊಳಗೇ ಇಂಗಾಲವನ್ನು ಒಟ್ಟುಮಾಡಿಕೊಳ್ಳುವುದರಿಂದ ಹಸಿ ಚೆನ್ನಾಗಿದ್ದಾಗ ಹೇಳಿಕೊಳ್ಳುವಂಥ ಲಾಭವಿಲ್ಲ. ಈ ಅನಿಲ ಹೆಚ್ಚಿದರೆ ಎಲೆಯ ರಂಧ್ರ ಕಿರಿದಾಗಿ ಸ್ವಲ್ಪ ನೀರು ಉಳಿಯುತ್ತದೆ, ಬರದಲ್ಲಿ ಅದು ನೆರವಾಗುತ್ತದೆ. ಇದನ್ನು ಮುಚ್ಚಿಡಬೇಡಿ, ತಿಳಿದ ತೀರ್ಪುಗಾರರು ಕೇಳಿಯೇ ಕೇಳುತ್ತಾರೆ. ಸಿ3 ಗಿಡಕ್ಕೂ ಲಾಭ ಪೂರ್ತಿ ದಕ್ಕುವುದಿಲ್ಲ: ಬಿಸಿ ಏರಿದರೆ ಮೆಣಸಿನಕಾಯಿ ಹೂ ಉದುರುತ್ತದೆ, ಶೇಂಗಾದ ಪರಾಗ ಕೆಡುತ್ತದೆ.

ಅಂಕಿ ನಾಲ್ಕೇ ಸಾಕು. ಕೈಗಾರಿಕೆಗಳು ಬರುವ ಮೊದಲು ಗಾಳಿಯಲ್ಲಿ ಈ ಅನಿಲ ಸುಮಾರು 280 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲಿನಲ್ಲಿ 280 ಪಾಲು. 1958ರಲ್ಲಿ ವಿಜ್ಞಾನಿ ಚಾರ್ಲ್ಸ್ ಡೇವಿಡ್ ಕೀಲಿಂಗ್ ಹವಾಯಿಯ ಮೌನಾ ಲೋವಾದಲ್ಲಿ ಅಳೆಯತೊಡಗಿದಾಗ ಸುಮಾರು 315. 2024ರಲ್ಲಿ 420 ದಾಟಿತ್ತು. ಈ ಪ್ರಮಾಣ ಇಮ್ಮಡಿಯಾದರೆ ಭೂಮಿಯ ತಾಪ ಬಹುಶಃ 2.5ರಿಂದ 4 ಡಿಗ್ರಿ ಸೆಲ್ಸಿಯಸ್ ಏರುತ್ತದೆಂದು ವಿಶ್ವಸಂಸ್ಥೆಯ ಹವಾಮಾನ ವಿಜ್ಞಾನ ಸಮಿತಿ ಐಪಿಸಿಸಿಯ 2021ರ ವರದಿ ಹೇಳುತ್ತದೆ.

‘ಶೇಕಡಾ 0.04 ಇರುವ ಅನಿಲ ಏನು ಮಾಡೀತು?’ ಎಂದರೆ: ಗಾಳಿಯ ಬಹುಪಾಲಾದ ಸಾರಜನಕ, ಆಮ್ಲಜನಕ ನೆಲದಿಂದ ಏಳುವ ಶಾಖಕಿರಣವನ್ನು ಹಿಡಿಯುವುದೇ ಇಲ್ಲ, ಈ ಅಲ್ಪ ಅನಿಲ ಹಿಡಿಯುತ್ತದೆ; ವಿಜ್ಞಾನಿ ಜಾನ್ ಟಿಂಡಾಲ್ ಇದನ್ನು 1859ರಲ್ಲೇ ಅಳೆದು ನೋಡಿದ್ದ. ‘ಈ ಸಭಾಂಗಣದಲ್ಲೇ 1000 ಪಿಪಿಎಂ ಇದ್ದೀತು, ಯಾರಿಗೇನಾಯಿತು?’ ಎಂದರೆ: ಇದ್ದೀತು. ಉಸಿರಿಗೆ ವಿಷವೆಂದು ಯಾರೂ ಹೇಳುತ್ತಿಲ್ಲ. ಮಾತು ತಲೆಯ ಮೇಲಿನ ಹತ್ತಾರು ಕಿಲೋಮೀಟರ್ ಗಾಳಿಯದು.

ಪ್ರಯೋಗ ತೋರಿಸುವುದಾದರೆ, ಒಂದು ಬಾಟಲಿಗೆ ಗಾಳಿ, ಇನ್ನೊಂದಕ್ಕೆ ಈ ಅನಿಲ ತುಂಬಿ ಬಲ್ಬಿನಿಂದ ಕಾಯಿಸಿ ಯಾವುದು ಹೆಚ್ಚು ಬಿಸಿಯೆಂದು ತೋರಿಸುವ ಆಟ ಬೇಡ. ಅದರಲ್ಲಿ ಶಾಖಕಿರಣವನ್ನು ಹಿಡಿಯದ ಆರ್ಗಾನ್ ಅನಿಲ ತುಂಬಿದರೂ ಹೆಚ್ಚುಕಡಿಮೆ ಅಷ್ಟೇ ಬಿಸಿ ಕಾಣುತ್ತದೆ. ಕಾರಣ ಭಾರವಾದ ಅನಿಲ ಮೇಲಿನ ಗಾಳಿಯೊಂದಿಗೆ ಬೆರೆಯದಿರುವುದು, ಶಾಖ ಹೀರುವುದಲ್ಲ. ಸುಣ್ಣದ ತಿಳಿ ವಾಸಿ: ಈ ಅನಿಲ ಸೇರಿದರೆ ಅದು ಬೆಳ್ಳಗಾಗುತ್ತದೆ, ಇನ್ನೂ ಹೆಚ್ಚು ಸೇರಿದರೆ ಮತ್ತೆ ತಿಳಿಯಾಗುತ್ತದೆ. ಎಲೆಅಡಿಕೆ ಸುಣ್ಣ ಒಂದು ಚಮಚವನ್ನು ಲೀಟರ್ ಆರ್‌ಒ ನೀರಿಗೆ ಕಲಸಿ, ಬಿಗಿಯಾಗಿ ಮುಚ್ಚಿ ರಾತ್ರಿ ಬಿಡಿ. ತೆರೆದಿಟ್ಟರೆ ಮೇಲೆ ಕೆನೆಕಟ್ಟಿ ತಿಳಿ ಸಪ್ಪೆಯಾಗುತ್ತದೆ. ಬೆಳಿಗ್ಗೆ ಗಸಿ ಕದಡದಂತೆ ಬಗ್ಗಿಸಿ, ಒಂದು ಪಾಲಿಗೆ ಒಂಬತ್ತು ಪಾಲು ಆರ್‌ಒ ನೀರೇ ಸೇರಿಸಿ. ಬೋರ್‌ವೆಲ್ಲಿನ ಗಡಸು ನೀರಾದರೆ ಊದುವ ಮೊದಲೇ ಬೆಳ್ಳಗಾಗುತ್ತದೆ. ಸ್ಟ್ರಾದಿಂದ ಊದಿ, ಹೀರಬೇಡಿ; ಸುಣ್ಣ ಬಾಯಿ ಸುಡುತ್ತದೆ. ಹಾಲಿನಂತಾದ ಮೇಲೆ ತಣ್ಣನೆಯ ಸಾದಾ ಗೋಲಿಸೋಡಾವನ್ನು ಅಷ್ಟೇ ಸುರಿದರೆ ಮತ್ತೆ ತಿಳಿಯಾಗುತ್ತದೆ. ನಿಂಬೆಹಣ್ಣಿನ ಸೋಡಾ ತಂದೀರಿ! ಹುಳಿಯೇ ಕರಗಿಸಿತೆಂದು ಎದುರಿನವರು ಹಿಡಿಯುತ್ತಾರೆ. ಸುಣ್ಣದ ತಿಳಿಯನ್ನು ನೀರು ಸೇರಿಸಿ ತೆಳುಮಾಡದಿದ್ದರೆ ಎಷ್ಟು ಊದಿದರೂ ಮತ್ತೆ ತಿಳಿಯಾಗದು, ಉಸಿರಿನಲ್ಲಿ ಈ ಅನಿಲ ಇರುವುದೇ ಶೇಕಡಾ 4ರಷ್ಟು.

ಆ ಬಿಳುಪು ಕ್ಯಾಲ್ಸಿಯಂ ಕಾರ್ಬೊನೇಟ್, ಸಮುದ್ರದ ಚಿಪ್ಪುಗಳದೂ ಅದೇ. ಆದರೆ ಸಮುದ್ರ ಆಮ್ಲವಾಗಿದೆ ಎನ್ನಬೇಡಿ. ಅದರ ಪಿಎಚ್ (ಹುಳಿ-ಕ್ಷಾರದ ಅಳತೆ, 7ಕ್ಕಿಂತ ಕೆಳಗೆ ಆಮ್ಲ, ಮೇಲೆ ಕ್ಷಾರ) ಸುಮಾರು 8.2ರಿಂದ 8.1ಕ್ಕೆ ಇಳಿದಿದೆ, ಇನ್ನೂ ಕ್ಷಾರವೇ. ಚಿಪ್ಪು ಕಟ್ಟಲು ಕಷ್ಟವಾಗುತ್ತಿದೆ ಎನ್ನಿ, ಅಷ್ಟು ಸಾಕು.